ಬಿಸಲು ವಾಲಲಿ

ನನ್ನ ಮೊಮ್ಮಗಳು ತೆಗೆದ, ಪೋರ್ಚುಗಲ್ಲಿನ ಹಳೇ ಚರ್ಚಿನ ಬಾಗಿಲಿನ ಫೋಟೋಕ್ಕೆ ಮೊದಲ ಬಹುಮಾನ ಬಂದಿದೆ! ಈ ವಯಸ್ಸಿನಲ್ಲೂ ಕುಣಿಯಬೇಕೆನ್ನಿಸುತ್ತಿದೆ. ಕೇಳಿದ ಕೂಡಲೇ ನೆನಪಾದವರು ಇಂಡಿ ಬಸ್‌ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದವರು. ಈಗ ಅವರಿಲ್ಲ. ಅವಳ ಕೈಗೆ ಮೊದಲು ಕ್ಯಾಮೆರಾ ಕೊಟ್ಟವರು ಅವರೇ.

ಅವಳು ಚಿಕ್ಕವಳಿದ್ದಾಗ ಒಮ್ಮೆ ನಮ್ಮಿಬ್ಬರನ್ನೂ ಸಾಲೋಟಗಿಯ ಶಾಸನ ನೋಡಲು ಕರೆದೊಯ್ದಿದ್ದರು. ನಡುಮಧ್ಯಾಹ್ನ, ಕಲ್ಲಿನ ಮೇಲೆ ಒಂದಕ್ಷರವೂ ಸರಿಯಾಗಿ ಕಾಣಲಿಲ್ಲ. ಕಾಣಲೆಂದು ನಾನು ವಿಭೂತಿ ತಿಕ್ಕಲು ಹೋದೆ. ಅವರು ಅಡ್ಡ ನಿಂತರು.

“ಕೈ ಹಚ್ಚಬ್ಯಾಡ್ರಿ ಅಕ್ಕಾರ. ಬಿಸಲು ವಾಲಲಿ, ಅಕ್ಷರ ತಾವ ಏಳ್ತಾವ.”

“ಬಸ್ಸು ಹೋಗ್ತೈತ್ರಿ!”

“ಹೋಗಲಿ ಬಿಡ್ರಿ.”

ಬಸ್ಸು ಹೋಯಿತು. ಸಂಜೆಯ ಓರೆ ಬಿಸಿಲಿಗೆ ಅಕ್ಷರಗಳು ಸಾಲುಸಾಲಾಗಿ ಎದ್ದವು. ಅವರು ಒಂದೇ ಒಂದು ಫೋಟೋ ತೆಗೆದು, ಕಲ್ಲಿಗೆ ಕೈಮುಗಿದರು.

ಪೋರ್ಚುಗಲ್ಲಿನಲ್ಲೂ ಜೊತೆಯವರೆಲ್ಲ ಊಟಕ್ಕೆ ಎದ್ದು ಹೋದರಂತೆ. ಇವಳು ಮಾತ್ರ ಕೆತ್ತನೆಯ ಬಾಗಿಲ ಮುಂದೆ ಸಂಜೆವರೆಗೂ ಕದಲಲಿಲ್ಲವಂತೆ.

ಇವತ್ತು ಹೊತ್ತು ಮುಳುಗುವ ಮುನ್ನ ಮನೆಮಂದಿಯೆಲ್ಲ ಅಂಗಳದಲ್ಲಿ ಊಟಕ್ಕೆ ಕುಳಿತಾಗ, ಊರಿಗೆ ಬಂದಿರುವ ಮೊಮ್ಮಗಳು ಕ್ಯಾಮೆರಾ ಎತ್ತಿದಳು.

“ತಡಿ ಆಯಿ, ಇನ್ನೊಂಚೂರು ಬಿಸಲು ವಾಲಲಿ.”

“ಬಿಸಿ ರೊಟ್ಟಿ ಆರಾಕತ್ತಾವಲ್ಲವಾ!” ಎಂದು ಮಗ ಗೊಣಗಿದ.

“ಆರಲಿ ಬಿಡೋ,” ಎಂದೆ ನಾನು.

ಅವಳೂ ಒಂದೇ ಒಂದು ಫೋಟೋ ತೆಗೆದಳು. ಆಮೇಲೆ ಆರಿದ ರೊಟ್ಟಿಯನ್ನೇ ಎಲ್ಲರೂ ಕೂಡಿ ಹೊಟ್ಟೆತುಂಬ ಉಂಡೆವು.