ತಂಗಿಯ ಕಚೇರಿಗೆ ಕಾಫಿಯ ಘಮ

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಶಿವಮೊಗ್ಗದ ನವುಲೆ ಕಡೆಯ ಒಂದು ಕಲ್ಯಾಣ ಮಂಟಪ. ಹಾಜರಿದ್ದವರು ನಾನು, ಭದ್ರಾವತಿಯಿಂದ ಬಂದಿದ್ದ ನನ್ನ ತಂಗಿ ಸುಮತಿ, ಅಲಂಕಾರದ ಹೊಣೆ ಹೊತ್ತಿದ್ದ ರಂಜಿತಾ ಎಂಬ ಹುಡುಗಿ, ಮತ್ತು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಒಂದು ಬಿಳಿ ಯಂತ್ರ. ಹೀಗೆ ಹಾಜರಿ ತೆಗೆದುಕೊಂಡು ಮಾತು ಶುರು ಮಾಡುವುದು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳ ಚಟ. ನನಗೆ ನಿವೃತ್ತಿಯಾಗಿ ವರ್ಷಗಳಾದವು. ಚಟಕ್ಕೆ ಇನ್ನೂ ಆಗಿಲ್ಲ.

ನಮ್ಮ ದೊಡ್ಡಪ್ಪನ ಮೊಮ್ಮಗಳ ನಿಶ್ಚಿತಾರ್ಥ. ಕಾರ್ಯಕ್ರಮ ಇದ್ದದ್ದು ಹನ್ನೊಂದಕ್ಕೆ. ಒಂಬತ್ತಕ್ಕೇ ಯಾಕೆ ಹೋಗಿದ್ದಿರಿ ಎಂದು ದಯವಿಟ್ಟು ಕೇಳಬೇಡಿ, ಮನೆಯವರೂ ಕೇಳುವುದನ್ನು ಬಿಟ್ಟಿದ್ದಾರೆ. ರಂಜಿತಾ ಯಂತ್ರದ ಸ್ವಿಚ್ ಹಾಕಿದಳು. ಅದು ಒಮ್ಮೆ ಸೀನಿದಂತೆ ಮಾಡಿ ತೆಳ್ಳಗೆ ಹೊಗೆ ಬಿಟ್ಟಿತು. ಆಗತಾನೇ ಇಳಿದ ಡಿಕಾಕ್ಷನ್ನಿನ ಘಮ ಮಂಟಪದ ತುಂಬ ಹರಡಿತು.

"ಇದೇನಮ್ಮಾ?"

"ವಾಸ್ನೆ ಮಷೀನ್ ಅಜ್ಜಿ. ಗೆಸ್ಟ್ ಒಳಗೆ ಕಾಲಿಡ್ತಿದ್ದಂಗೆ ಫ್ರೆಶ್ ಕಾಫಿ ಘಮ. ಮೂಡೇ ಬೇರೆ ಆಗತ್ತೆ."

"ಸರಿ. ಕಾಫಿ ಎಲ್ಲಿ?"

"ಕಾಫಿ ಇಲ್ಲ ಅಜ್ಜಿ. ಬಂದೋರಿಗೆ ಕಲ್ಲಂಗಡಿ ಜ್ಯೂಸು."

ಸುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬದ ಕಡೆ ತಿರುಗಿದಳು. ಅವಳ ಬೆನ್ನು ಕುಲುಕುತ್ತಿತ್ತು. "ಅಕ್ಕಾ," ಎಂದಳು ಕಣ್ಣೊರೆಸಿಕೊಳ್ಳುತ್ತ, "ನಿನಗಿಂತ ದೊಡ್ಡೋಳು ಸಿಕ್ಕಿದಳು ನೋಡು. ನೀನಾದ್ರೂ ಕೊನೆಗೆ ಕಾಫಿ ಕೊಟ್ಟಿದ್ದೆ!"

ಅವಳು ನಕ್ಕದ್ದು ಯಾಕೆಂದು ತಿಳಿಯಬೇಕಾದರೆ ನೀವು ನನ್ನೊಂದಿಗೆ ಕೆಲವು ವರ್ಷ ಹಿಂದಕ್ಕೆ, ಭದ್ರಾವತಿಗೆ ಬರಬೇಕು.

ಸುಮತಿಗೆ ಚಿಕ್ಕಂದಿನಿಂದ ಒಳ್ಳೆಯ ಕಂಠ. ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಅವಳು ಹಾಡುತ್ತಿದ್ದಾಗ ಮುಖ್ಯ ಅತಿಥಿಗಳು ಬೇರೆಲ್ಲಿಗೋ ಹೋಗಬೇಕೆಂದು ಎದ್ದರು. ಅವರ ಹಿಂದೆ ಹೆಡ್ಮಾಸ್ತರು ಎದ್ದರು, ಹೆಡ್ಮಾಸ್ತರ ಹಿಂದೆ ಉಳಿದ ಮೇಷ್ಟರುಗಳು. ಕಾರ್ಯಕ್ರಮ ಮುಗಿಯಿತೆಂದುಕೊಂಡು ಮಕ್ಕಳೂ ಎದ್ದರು. ಇವಳು ಉಳಿದ ಚರಣವನ್ನು ಜನರ ಬೆನ್ನಿಗೆ ಹಾಡಿ ಮುಗಿಸಿದಳು. ಆಮೇಲೆ ಅವಳ ಸಂಗೀತವೆಲ್ಲ ಅಡುಗೆಮನೆಯಲ್ಲಿ, ಕುಕ್ಕರಿನ ಸೀಟಿಯ ಜೊತೆ. ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೋದಳು, ಮಕ್ಕಳನ್ನು ದಡ ಸೇರಿಸಿದಳು. ತಲೆ ನರೆತ ಮೇಲೆ ಅಲ್ಲೇ ಹತ್ತಿರದ ಸಂಗೀತ ಮೇಷ್ಟರೊಬ್ಬರಲ್ಲಿ ಪಾಠಕ್ಕೆ ಸೇರಿದಳು. ಮೇಷ್ಟರು ಕಾಲೋನಿಯ ಸಣ್ಣ ಸಭಾಂಗಣದಲ್ಲಿ ಅವಳ ಮೊದಲ ಕಚೇರಿ ಗೊತ್ತುಮಾಡಿಬಿಟ್ಟರು.

"ಅಕ್ಕ, ಜನ ಬರದಿದ್ರೂ ಪರವಾಗಿಲ್ಲ," ಎಂದಳು ಫೋನಿನಲ್ಲಿ. "ಬಂದೋರು ಮಧ್ಯದಲ್ಲಿ ಎದ್ದು ಹೋದ್ರೆ ಮಾತ್ರ ಈ ಜನ್ಮದಲ್ಲಿ ಇನ್ನು ಮೈಕ್ ಮುಟ್ಟಲ್ಲ. ಖಂಡಿತ."

"ಒಬ್ಬರೂ ಏಳಲ್ಲ. ನಾನಿದ್ದೀನಿ," ಎಂದೆ.

ಜನರನ್ನು ಒಂದೇ ಕಡೆ ಕೂರಿಸುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿದೆ ಎಂಬ ಭರವಸೆ. ನನ್ನ ಅನುಭವವೆಲ್ಲ ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದವರದು, ಅವರು ಎದ್ದು ಹೋಗುವಂತೆಯೇ ಇರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಕಚೇರಿಯ ದಿನ ಶಿವಮೊಗ್ಗದ ಅಂಗಡಿಯಲ್ಲಿ ಎದುರಿಗೇ ಹುರಿಸಿ ಪುಡಿ ಮಾಡಿಸಿದ ಕಾಫಿಪುಡಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಪೊಟ್ಟಣ ಇನ್ನೂ ಬೆಚ್ಚಗಿತ್ತು. ಸೀಟಿಗಾಗಿ ಜಗಳವಾಡುತ್ತಿದ್ದ ಇಬ್ಬರು ಹೆಂಗಸರು ಮೂಗು ಅರಳಿಸಿ ಸುಮ್ಮನಾದರು. ಮಾಚೇನಹಳ್ಳಿಯಲ್ಲಿ ರಾತ್ರಿ ಪಾಳಿ ಮುಗಿಸಿ ಹತ್ತಿ, ನಿಂತಲ್ಲೇ ತೂಕಡಿಸುತ್ತಿದ್ದವನೊಬ್ಬ ಕಣ್ಣುಬಿಟ್ಟು, "ಅಮ್ಮಾ, ಬ್ಯಾಗಲ್ಲಿ ಏನ್ರೀ? ಮನೆಗೆ ಹೋದಂಗಾಯ್ತು," ಎಂದ. ಭದ್ರಾವತಿ ಬರುವವರೆಗೆ ಆ ಬಸ್ಸಿನಲ್ಲಿ ಒಬ್ಬರೂ ಒಬ್ಬರನ್ನು ಬೈಯಲಿಲ್ಲ. ನನಗೆ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಈ ಘಮವನ್ನು ಸಭಾಂಗಣದ ತುಂಬ ಹರಡಿಬಿಟ್ಟರೆ ಜನ ಮನೆಯಲ್ಲಿದ್ದಂತೆ ಕಾಲು ಚಾಚಿ ಕೂರುತ್ತಾರೆ, ಯಾರು ಏಳುತ್ತಾರೆ?

ಕಾಫಿಯ ಹೊಣೆ ಕಾಲೋನಿಯ ಕ್ಯಾಂಟೀನಿನ ಮುರುಗೇಶಣ್ಣನದು. ಅವನ ಒಲೆಯನ್ನು ಹಿತ್ತಲಿನಿಂದ ಎತ್ತಿಸಿ, ಗಾಳಿ ಬರುವ ಕಿಟಕಿಯ ಕೆಳಗೆ ಇಡಿಸಿದೆ. ಕಾರ್ಯಕ್ರಮ ಐದಕ್ಕೆ, ಕಾಫಿ ಆರೂವರೆಗೆ. "ಘಮ ಈಗಿಂದಲೇ ಬರ್ತಿರಬೇಕು. ಆದ್ರೆ ಪ್ರಾಣ ಹೋದ್ರೂ ಆರೂವರೆಗೆ ಮುಂಚೆ ಯಾರಿಗೂ ಒಂದು ತೊಟ್ಟು ಕೊಡಕೂಡದು," ಎಂದು ಎರಡು ಸಲ ಹೇಳಿದೆ. ಬಾಗಿಲಿಗೆ ನನ್ನದೇ ಅಕ್ಷರದಲ್ಲಿ ಬೋರ್ಡು ಅಂಟಿಸಿದೆ: ಒಳಗೆ ತಿಂಡಿ, ಕಾಫಿ ತರಕೂಡದು.

ಸಂಜೆ ಐದು ಎಂದರೆ ಭದ್ರಾವತಿಯ ಯಾವ ಮನೆಯಲ್ಲೂ ಕಾಫಿಯ ಹೊತ್ತು. ಜನ ಅದನ್ನು ಕುಡಿಯದೆ, ಐದಕ್ಕೇ ಬಂದಿರಬೇಕೆಂಬ ನನ್ನ ಕಟ್ಟಪ್ಪಣೆಗೆ ಹೆದರಿ, ಸಮಯಕ್ಕೆ ಸರಿಯಾಗಿ ಬಂದು ಕೂತಿದ್ದರು. ಸಭಾಂಗಣ ತುಂಬಿತ್ತು. ಸುಮತಿ ಎರಡು ಚಿಕ್ಕ ಹಾಡು ಮುಗಿಸಿ, ಕಣ್ಣು ಮುಚ್ಚಿ ದೊಡ್ಡ ರಾಗದ ಆಲಾಪನೆಗೆ ಇಳಿದಳು. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಿ ಎಂದು ಮೇಷ್ಟರೇ ಹೇಳಿಕೊಟ್ಟಿದ್ದರು. ಅದೇ ಹೊತ್ತಿಗೆ ಮುರುಗೇಶಣ್ಣ ಎರಡನೇ ಸಲ ಡಿಕಾಕ್ಷನ್ ಇಳಿಸಿದ. ಗಾಳಿಯೂ ಎದ್ದಿತು.

ಮೊದಲು ಕೊನೆಯ ಸಾಲಿನ ಒಬ್ಬರು ಫೋನ್ ಬಂದವರಂತೆ ಕಿವಿಗೆ ಕೈಯಿಟ್ಟುಕೊಂಡು ಹೊರಟರು. ಕೈಯಲ್ಲಿ ಫೋನ್ ಇರಲಿಲ್ಲ. ಅವರನ್ನು ಹುಡುಕಲೆಂದು ಹೆಂಡತಿ ಹೋದರು. ಆಮೇಲೆ ಯಾರಿಗೂ ನೆಪ ಬೇಕಾಗಲಿಲ್ಲ. ಸಾಲು ಸಾಲೇ ಬಗ್ಗಿ, ಚಪ್ಪಲಿ ಸದ್ದಾಗದಂತೆ, ಕಿಟಕಿಯ ಕಡೆಗೆ ನಡೆಯಿತು. ವೇದಿಕೆಯ ಮೇಲೆ ನನ್ನ ತಂಗಿ ಕಣ್ಣು ಮುಚ್ಚಿ ಖಾಲಿ ಕುರ್ಚಿಗಳಿಗೆ ಹಾಡುತ್ತಿದ್ದಳು. ಮೃದಂಗದವರು ಮಾತ್ರ ನನ್ನನ್ನೇ ನೋಡುತ್ತಿದ್ದರು.

ನಾನು ಹೊರಗೆ ಓಡಿದೆ. ಓಡಿದೆ ಎಂದರೆ ನಿಜವಾಗಿಯೂ ಓಡಿದೆ. ವಾರ್ಡಿನಲ್ಲಿ ಓಡಿದವರನ್ನು ಅಷ್ಟು ವರ್ಷ ಗದರಿದವಳು. ಒಲೆಯ ಸುತ್ತ ಜಾತ್ರೆ. ಮುರುಗೇಶಣ್ಣ ಪಾತ್ರೆಯ ಮೇಲೆ ಎರಡೂ ಕೈ ಚಾಚಿ ಕಾವಲು ನಿಂತಿದ್ದ.

"ಕೊಡೋ ಮಾರಾಯ, ಎಲ್ರಿಗೂ ಕೊಡು!"

"ಆರೂವರೆ ಆಗಿಲ್ಲಮ್ಮಾ. ಪ್ರಾಣ ಹೋದ್ರೂ ಬೇಡ ಅಂತ ನೀವೇ ಹೇಳಿದ್ರಿ."

"ಹೋಗ್ತಿರೋದು ನನ್ನ ಪ್ರಾಣ. ಕೊಡು!"

ಲೋಟಗಳು ತುಂಬತೊಡಗಿದವು. ತಗೊಂಡು ಒಳಗೆ ಬನ್ನಿ, ಒಳಗೆ ಬನ್ನಿ ಎಂದು ನಾನು ಪಿಸುಗುಟ್ಟಿದೆ. ಸುಮತಿಯ ಪಕ್ಕದ ಮನೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ನಿಧಾನವಾಗಿ ಬೋರ್ಡು ಓದಿದರು. "ಒಳಗೆ ತರೋ ಹಾಗಿಲ್ವಂತೆ ಸಿಸ್ಟರ್. ಯಾರೋ ತುಂಬಾ ಸ್ಟ್ರಿಕ್ಟ್ ಇದ್ದಂಗಿದೆ." ನಾನು ಬೋರ್ಡನ್ನು ಕಿತ್ತು ಮುದುರಿ ಬ್ಲೌಸಿನೊಳಗೆ ತುರುಕಿಕೊಂಡೆ. ಒಳಗಿನಿಂದ ಹಾಡಿನ ಕೊನೆಯ ಚರಣ ಕೇಳುತ್ತಿತ್ತು. ಲೋಟಗಳನ್ನು ಟ್ರೇಯಲ್ಲಿಟ್ಟುಕೊಂಡು ಸಾಲುಗಳ ನಡುವೆ ನಾನೇ ಹಂಚಿದೆ. ಕಾಫಿ ಸೆರಗಿನ ಮೇಲೆ ಚೆಲ್ಲಿತು, ಯಾರದೋ ಪಂಚೆಯ ಮೇಲೂ ಚೆಲ್ಲಿತು. ಕುರ್ಚಿ ಸಿಕ್ಕಲ್ಲಿ ಜನ ಕೂತರು, ನನ್ನ ಆಸನ ವ್ಯವಸ್ಥೆ ಮಣ್ಣುಪಾಲಾಯಿತು.

ಹಾಡು ನಿಂತಿತು. ಸುಮತಿ ಕಣ್ಣು ತೆರೆದಳು.

ಸಭಾಂಗಣ ತುಂಬಿತ್ತು. ಪ್ರತಿಯೊಬ್ಬರ ಕೈಯಲ್ಲೂ ಹೊಗೆಯಾಡುವ ಸ್ಟೀಲ್ ಲೋಟ. ನಟ್ಟನಡುವೆ ಟ್ರೇ ಹಿಡಿದು, ಕೂದಲು ಕೆದರಿ, ಏದುಸಿರು ಬಿಡುತ್ತ ನಿಂತ ನಾನು. ಅವಳು ಆ ಕಡೆಯಿಂದ ಈ ಕಡೆಯವರೆಗೆ ಒಮ್ಮೆ ನೋಡಿದಳು. ಆಮೇಲೆ ಮೈಕಿಗೆ ಬಗ್ಗಿ, ಚಿಕ್ಕ ಹುಡುಗಿಯ ಧ್ವನಿಯಲ್ಲಿ ಕೇಳಿದಳು:

"ಅಕ್ಕಾ, ನಂಗೆ?"

ಸಭೆಯಲ್ಲೆದ್ದ ನಗು ಕಿಟಕಿಯಾಚೆ ಮುರುಗೇಶಣ್ಣನವರೆಗೂ ಹೋಯಿತು. ವೇದಿಕೆಗೆ ಒಂದು ಲೋಟ ಕೊಟ್ಟೆ. ಎರಡು ಗುಟುಕಿಗೆ ಮುಗಿಸಿ, ಬಾಯೊರೆಸಿಕೊಂಡು, ಮುಂದಿನ ಹಾಡನ್ನು ಕಣ್ಣು ಬಿಟ್ಟುಕೊಂಡೇ ಎತ್ತಿದಳು. ಕತ್ತಲಾದರೂ ನಿಲ್ಲಿಸಲಿಲ್ಲ. ವಂದನಾರ್ಪಣೆ ನಾನು ಮಾಡಬೇಕಿತ್ತು, ಯಾರಿಗೂ ಅದು ನೆನಪಾಗಲಿಲ್ಲ. ಆ ಸಂಜೆ ಘಮದ ಪ್ರಯೋಗ ಗೆದ್ದಿತು ಎಂದು ನಾನು ಬಹಳ ಕಾಲ ಎಲ್ಲರೆದುರು ಕೊಚ್ಚಿಕೊಂಡೆ.

ನವುಲೆಗೆ ಮರಳೋಣ. ಹನ್ನೊಂದಕ್ಕೆ ಬೀಗರು ಬಂದರು. ಬಾಗಿಲಲ್ಲಿ ಪ್ರತಿಯೊಬ್ಬರ ಮುಖವೂ ಅರಳುವುದನ್ನು, ಕೈಗೆ ಕೆಂಪು ಜ್ಯೂಸು ಬಂದ ಕೂಡಲೇ ಬಾಡುವುದನ್ನು ನೋಡಿದೆ. ಆಯನೂರಿನಿಂದ ಬಂದಿದ್ದ ಭಾವ ಅಡುಗೆಮನೆಯನ್ನೂ ಇಣುಕಿ ಬಂದು, "ಕಾಫಿ ಎಲ್ಲಿ ಬಚ್ಚಿಟ್ಟಿದೀರಿ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು. ಈ ಸಲದ ತಪ್ಪು ನನ್ನದಲ್ಲ ಎಂಬುದೇ ದೊಡ್ಡ ಸಮಾಧಾನ.

ಶಾಸ್ತ್ರ ಮುಗಿದ ಮೇಲೆ ಸುಮತಿ ಹಾಡಲು ಕೂತಳು. ಜನ ಫೋಟೋಗೆಂದು ಎದ್ದರು, ಊಟಕ್ಕೆಂದು ಎದ್ದರು, ಸುಮ್ಮನೆಯೂ ಎದ್ದರು. ಅವರನ್ನು ಕೂರಿಸಲು ನಾನೂ ಎದ್ದೆ. ವೇದಿಕೆಯಿಂದ ಸುಮತಿ ನೋಡಿದಳು. ಹಾಡು ನಿಲ್ಲಿಸದೆ, ತಾಳ ಹಾಕುವ ಕೈಯನ್ನೇ ನನ್ನ ಕಡೆ ತಿರುಗಿಸಿ, ಕೂರು ಎಂದು ಸನ್ನೆ ಮಾಡಿದಳು. ಕೂತೆ.

ಕೂತ ಮೇಲೆ ಒಂದು ವಿಷಯ ಹೊಳೆಯಿತು. ಭದ್ರಾವತಿಯ ಆ ಸಂಜೆ ನಾನು ಅವಳ ಒಂದು ಹಾಡನ್ನೂ ಕೂತು ಕೇಳಿರಲಿಲ್ಲ. ಆಮೇಲಿನ ಕಚೇರಿಗಳಲ್ಲೂ ಕೇಳಿಲ್ಲ. ಚಪ್ಪಲಿಯ ಸಾಲು, ಫ್ಯಾನು, ಕುರ್ಚಿ, ತಡವಾಗಿ ಬಂದವರು, ಏನಾದರೊಂದು ನನ್ನನ್ನು ಎಬ್ಬಿಸುತ್ತಿತ್ತು. ಎಲ್ಲ ಕಡೆಯೂ ಮೊದಲು ಎದ್ದು ಹೋಗುತ್ತಿದ್ದವಳು ನಾನೇ. ಈಗ ಕೇಳಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ಎಡಗೈ ಮಡಿಲ ಸೀರೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಸ್ವರ ದಕ್ಕಿದ ಮೇಲೆ ಬಿಡುತ್ತದೆ. ಇಷ್ಟು ವರ್ಷ ಅದು ನನಗೆ ಗೊತ್ತಿರಲಿಲ್ಲ.

ಸಂಜೆ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ.

"ಎರಡನೇ ಹಾಡಲ್ಲಿ ಮೇಲೆ ಹೋಗೋವಾಗ ಸ್ವಲ್ಪ ಶ್ರುತಿ ತಪ್ಪಿತು ಕಣೇ," ಎಂದೆ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಗಕ್ಕನೆ ತಿರುಗಿದಳು. ಮುಖ ಬಹುಮಾನ ಬಂದವರ ಹಾಗೆ ಹೊಳೆಯಿತು. "ಅಯ್ಯೋ, ಕೇಳಿಸ್ಕೊಂಡ್ಯಾ! ಮತ್ತೆ ಮೂರನೇದು?"

"ಅಮ್ಮಾ, ಹತ್ತಿ ಹತ್ತಿ, ಸಂಗೀತ ಆಮೇಲೆ," ಎಂದ ಕಂಡಕ್ಟರ್.

ಬಸ್ಸು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ನಾಲ್ಕು ಜನ ತಿರುಗಿ ನೋಡುವಂತೆ, ಮೂರನೆಯದು ಚೆನ್ನಾಗಿತ್ತು ಎಂದು ಕೂಗಿ ಹೇಳಿದೆ. ಆ ದಿನದ ಕೊನೆಯ ಕೆಲಸ ಅದು.