ತಾತನ ಫ್ರೆಂಚ್ ವಾರ್ತೆ

ಬಟ್ಟೆ ಮಡಚಿಟ್ಟಿದ್ದಾಯಿತು, ತುಳಸಿಗೆ ದೀಪ ಹಚ್ಚಿದ್ದಾಯಿತು, ನಲ್ಲಿ ಮುಂದೆ ಬಿಂದಿಗೆ ಸಾಲಿಟ್ಟಿದ್ದಾಯಿತು, ಮಗ್ಗಿ ಒಪ್ಪಿಸಿದ್ದಾಯಿತು. ಬಸವನಗುಡಿಯ ನಮ್ಮ ಮನೆಯಲ್ಲಿ ಆಗೆಲ್ಲ ಇಷ್ಟು ಮುಗಿದ ಮೇಲೇ ಟೀವಿ. ಕೇಬಲ್ ಬಂದ ಹೊಸದು. ಆ ವರ್ಷದ ಅವರೆಕಾಯಿ ಕಾಲದಲ್ಲಿ ನನಗೆ ಇನ್ನೊಂದು ಕೆಲಸ ಸೇರಿತ್ತು: ತಾತನ ಮೇಲೆ ಕಣ್ಣಿಡುವುದು.

ಹೇಳಿದವರು ಅಜ್ಜಿ. ತಾತ ಇದ್ದಕ್ಕಿದ್ದಂತೆ ಕನ್ನಡ ವಾರ್ತೆ ಬಿಟ್ಟು ಫ್ರೆಂಚ್ ವಾರ್ತೆಗೆ ಅಂಟಿಕೊಂಡಿದ್ದರು. ನಮ್ಮ ಸಂಜೆಗೆ ಬರುತ್ತಿತ್ತು, ಅದಕ್ಕೇ ಸಂಜೆ ವಾರ್ತೆ ಅನ್ನುತ್ತಿದ್ದೆವು. ಆ ಫ್ರೆಂಚರ ಊರಲ್ಲಿ ಆಗ ಹಗಲೋ ರಾತ್ರಿಯೋ ಯಾರಿಗೆ ಗೊತ್ತು. ದೊಡ್ಡ ಮೇಜಿನ ಹಿಂದೆ ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡ ಒಬ್ಬಾಕೆ. ನಮ್ಮ ಕಡೆ ವಾರ್ತೆ ಓದುವವರ ಹಾಗೆ ಗಳಿಗೆಗೊಮ್ಮೆ ಕಾಗದ ನೋಡುವುದಿಲ್ಲ. ನೆಟ್ಟಗೆ ನಮ್ಮನ್ನೇ ನೋಡುತ್ತಾ, ಹುಬ್ಬು ಕುಣಿಸುತ್ತಾ, ಪಕ್ಕದ ಮನೆಯ ಜಗಳ ವರದಿ ಮಾಡುವವಳ ಹಾಗೆ ಹೇಳುತ್ತಿದ್ದಳು.

"ಅವಳು ಇವರನ್ನೇ ನೋಡ್ತಾಳೆ ಕಣೆ ಪುಟ್ಟಿ. ಇವರೂ ಕಣ್ಣು ಮಿಟುಕಿಸಲ್ಲ" ಎಂದರು ಅಜ್ಜಿ.

ಅಮ್ಮ ದನಿ ತಗ್ಗಿಸಿದಳು. "ಆ ಚಾನೆಲ್ಲಲ್ಲಿ ಎಂಥೆಂಥದೋ ಸಿನಿಮಾ ಬರುತ್ತಂತೆ ಅತ್ತೆ."

ಅಲ್ಲಿಗೆ ಅನುಮಾನ ಬಲವಾಯಿತು. ನೆನೆಸಿದ ಅವರೆಕಾಳಿನ ಬೇಸಿನ್ ಇಟ್ಟುಕೊಂಡು ನಾನು ತಾತನ ಕುರ್ಚಿಯ ಹಿಂದೆ ಕೂತೆ. ಕಾಳು ಹಿತುಕುವುದು, ತಾತನನ್ನು ನೋಡುವುದು. ಉಗುರಿನ ಸಂದಿಯಲ್ಲೆಲ್ಲ ಸೊಗಡಿನ ವಾಸನೆ. ಭಾನುವಾರ ಆಕೆಯ ಬದಲು ಟೈ ಕಟ್ಟಿದ ಬೋಳುತಲೆಯವನು ಬಂದ. ತಾತ ಅವನನ್ನೂ ಅಷ್ಟೇ ಭಕ್ತಿಯಿಂದ ನೋಡಿದರು. ಓಡಿಹೋಗಿ ವರದಿ ಕೊಟ್ಟೆ.

"ಗಂಡಸನ್ನೂ ನೋಡ್ತಾರಾ? ಹಾಗಾದ್ರೆ ಇದು ಬೇರೆ ಏನೋ" ಎಂದು ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಟೀವಿಗೆ ಅಡ್ಡ ನಿಂತರು. "ಏನಂತೆ ಅವನ ಕಥೆ?"

"ಸ್ಟ್ರೈಕು. ಬಸ್ಸೆಲ್ಲ ನಿಂತುಬಿಟ್ಟಿದೆ."

"ಆ ಭಾಷೆ ಯಾವಾಗ ಕಲಿತ್ರಿ?"

"ಜನ ಬಾವುಟ ಹಿಡಿದು ಕೂಗ್ತಿದಾರೆ. ಇದಕ್ಕೆ ಭಾಷೆ ಬೇರೆ ಕೇಡು. ಸರಿ ಆ ಕಡೆ."

ಇದೇ ದಿನಗಳಲ್ಲಿ ಇನ್ನೊಂದು ನಡೆದಿತ್ತು. ದಿನಾ ಸಂಜೆ ಚೀಲ ಹಿಡಿದು ಗಾಂಧಿಬಜಾರಿಗೆ ಹೋಗಿ ತರಕಾರಿ ತರುವುದು ತಾತನ ಕೆಲಸ. ರಿಟೈರಾದ ಮೇಲೆ ಅವರದು ಅಂತ ಉಳಿದಿದ್ದ ಕೆಲಸ ಅದೊಂದೇ. ಅಲ್ಲಿ ಒಂದು ಸ್ಕೂಟರ್ ಅವರ ಮೊಣಕೈ ಸವರಿಕೊಂಡು ಹೋಗಿತ್ತು.

"ಹಾರ್ನ್ ಕೇಳಿಸ್ಲಿಲ್ವಾ ಅಪ್ಪ?" ಎಂದು ನಮ್ಮಪ್ಪ ಎದುರಿಗೆ ಕೂತು ಕೇಳಿದರು.

"ಕೇಳಿಸ್ತಪ್ಪ. ಓಡಿಸೋನಿಗೇ ಕಣ್ಣಿರ್ಲಿಲ್ಲ."

"ಇನ್ನೊಂದ್ಸಲ ಹೀಗಾದ್ರೆ ಒಬ್ಬರೇ ಆಚೆ ಹೋಗೋದು ಬೇಡ. ನಾನೇ ಆಫೀಸಿಂದ ಬರ್ತಾ ತರ್ತೀನಿ."

ಒಂದು ಸಂಜೆ ಕರೆಂಟು ಹೋಗಿ ಬಂತು. ಟೀವಿಯಲ್ಲಿ ಚಿತ್ರ ಮೂಡಿತು, ಆದರೆ ಸೌಂಡು ಇಲ್ಲ. ಆಕೆ ತುಟಿ ಆಡಿಸುತ್ತಿದ್ದಾಳೆ, ತಾತ "ಹ್ಞೂಂ, ಹ್ಞೂಂ" ಅಂತ ತಲೆದೂಗುತ್ತಲೇ ಇದ್ದಾರೆ. "ತಾತ, ಸೌಂಡು!" ಎಂದೆ. ತಿರುಗಲಿಲ್ಲ. ಏಳಲು ಹೋದ ನನ್ನ ಕಾಲು ತಗುಲಿ ಸ್ಟೀಲ್ ಬೇಸಿನ್ ಕೆಂಪು ನೆಲದ ಮೇಲೆ ಢಣಾರೆಂದು ಉರುಳಿತು. ಅಜ್ಜಿ ಅಡುಗೆಮನೆಯಿಂದ ಓಡಿಬಂದರು. ತಾತ "ಹ್ಞೂಂ" ಅನ್ನುತ್ತಿದ್ದರು.

ಅಜ್ಜಿ ಟೀವಿ ನೋಡಿದರು, ತಾತನ ಬೆನ್ನು ನೋಡಿದರು, ಗೋಡೆಗೆ ಕೈ ಕೊಟ್ಟು ನಿಂತರು. ನನಗೂ ತಿಳಿಯಿತು. ಕನ್ನಡ ವಾರ್ತೆಯಾದರೆ ಯಾರಾದರೂ ಏನಂದರು ಅಂತ ಕೇಳುತ್ತಿದ್ದರು, ಹೇಳಿದ್ದು ತಪ್ಪಾದರೆ ಹಿಡಿಯುತ್ತಿದ್ದರು. ಫ್ರೆಂಚ್ ವಾರ್ತೆಯ ಮುಂದೆ ನಾವೆಲ್ಲ ತಾತನಷ್ಟೇ ಕಿವುಡರು.

ಅಷ್ಟರಲ್ಲಿ ಅಪ್ಪ ಬಂದರು. "ಯಾಕೆ, ಸೌಂಡೇ ಇಲ್ಲ?"

"ನಾನೇ ನಿಲ್ಲಿಸ್ದೆ. ನನಗೆ ತಲೆ ಸಿಡೀತಿದೆ" ಎಂದರು ಅಜ್ಜಿ. ಜೀವಮಾನದಲ್ಲಿ ತಲೆನೋವು ಅಂದವರಲ್ಲ. ಅಪ್ಪ ಕೈಕಾಲು ತೊಳೆಯಲು ಹೋದರು.

ಮರುದಿನ ತಾತ ಚೀಲ ತೆಗೆದುಕೊಂಡಾಗ ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ತಾತನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದರು. "ನೀವು ತರೋದೆಲ್ಲ ಹುಳುಕು. ನಾನೇ ಆರಿಸ್ತೀನಿ."

"ಇಷ್ಟು ವರ್ಷ ಇಲ್ಲದ್ದು ಈಗೇನು? ಏನೋ ಇದೆ ನಿನ್ನ ಮನಸ್ಸಲ್ಲಿ" ಎಂದರು ತಾತ. ಈಗ ಅನುಮಾನ ಅವರಿಗೆ.

"ಇದ್ದರೆ ಇರಲಿ, ನಡೀರಿ."

ಗೇಟಿನಿಂದ ನೋಡುತ್ತಿದ್ದೆ. ಗಾಡಿಗಳು ಹೋಗುವ ಪಕ್ಕಕ್ಕೆ ಅಜ್ಜಿ, ಒಳಗಡೆಗೆ ತಾತ. ಬಸ್ಸು ಬಂದಾಗಲೆಲ್ಲ ಅಜ್ಜಿ ಅವರ ಶರ್ಟಿನ ತೋಳು ಎಳೆಯುತ್ತಿದ್ದರು.

ಈಗ ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಮೊಬೈಲು. ಯಾರು ಯಾವ ಭಾಷೆಯಲ್ಲಿ ಏನು ನೋಡುತ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ. ಒಬ್ಬರ ಕುರ್ಚಿಯ ಹಿಂದೆ ಇನ್ನೊಬ್ಬರು ಕೂತು ಅನುಮಾನ ಪಡುವಷ್ಟು ಪುರುಸೊತ್ತೂ ಯಾರಿಗೂ ಇಲ್ಲ.

ಅಜ್ಜಿ ತಾತ ಜೊತೆಗೆ ಬಜಾರಿಗೆ ಹೋಗಿಬಂದ ಆ ರಾತ್ರಿ ಬಿಸಿ ಉಪ್ಪಿಟ್ಟು, ಮೇಲೆ ಗಟ್ಟಿ ಮೊಸರು. ತಾತ ಎರಡು ಸಲ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರು ಅಜ್ಜಿ. ಅಷ್ಟು ದೂರ ನಡೆದು ಅವರಿಗೆ ಅಭ್ಯಾಸವಿರಲಿಲ್ಲ.