ಉಮಾಕಾಂತರಾಯರ ನೇರಳೆ ಪಾದ
ವಡೋದರೆಯ ಗೋರ್ವಾ ಬಡಾವಣೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿರುವ ಉಮಾಕಾಂತರಾಯರು ಪ್ರತಿ ಫೆಬ್ರವರಿಯಲ್ಲಿ ಎರಡು ದಿನ ದಂಡನಾಯಕರಾಗುತ್ತಾರೆ. ಊರಿನ ಕನ್ನಡಿಗರನ್ನು ಬಸ್ಸಿಗೆ ತುಂಬಿ, ನಾಸಿಕದಾಚೆ ವೈನು ಮಾಡುವ ಪುಟ್ಟ ಊರಿಗೆ ಕರೆದೊಯ್ಯುವುದು ಅವರದೇ ಹೊಣೆ. ಪಾನನಿಷೇಧದ ಗುಜರಾತಿನಿಂದ ಹೊರಟವರಿಗೆ ಯಾವಾಗ ಗ್ಲಾಸು ಹಿಡಿದೇವೋ ಎಂಬ ಆತುರ, ರಾಯರು ಮಾತ್ರ ಮೊದಲು ಗುಡ್ಡದ ದೇವಿ, ಆಮೇಲೆ ಅಣೆಕಟ್ಟು, ಆಮೇಲೆ ಬಿಸಿನೀರಿನ ಬುಗ್ಗೆ, ಆಮೇಲೆ ಎತ್ತಿನ ಬಂಡಿಯಲ್ಲಿ ತೋಟ ಎಂದು ಸುತ್ತಿಸಿ, "ಹತ್ತು ನಿಮಿಷ ಅಂದ್ರ ಹತ್ತ ನಿಮಿಷ!" ಎಂದು ಸೀಟಿ ಊದುತ್ತಾರೆ. ಕೊನೆಗೆ ಗ್ಲಾಸು ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಎಂದು ಪಾಠ ಹೇಳುವವರೂ ಅವರೇ. ಆದರೆ ತಾವು ಒಂದು ಹನಿಯನ್ನೂ ಮುಟ್ಟುವುದಿಲ್ಲ. ದ್ರಾಕ್ಷಿ ತುಳಿಯುವ ಮರದ ತೊಟ್ಟಿ ಕಂಡರೆ ಮಾತ್ರ, "ವ್ರತ ಬಾಯಿಗದ, ಕಾಲಿಗಿಲ್ಲ" ಎಂದು ಪ್ಯಾಂಟು ಮಡಚಿ ಇಳಿದುಬಿಡುತ್ತಾರೆ. ಆಗ ಸೀಟಿಯನ್ನು ಬೇರೆಯವರೇ ಊದಬೇಕು. ಮರಳುವಾಗ ಗಡಿಯ ಪೊಲೀಸ ಬಾಟಲಿ ಇದೆಯೇನೆಂದು ಗುಜರಾತಿಯಲ್ಲಿ, "ಬಾಟ್ಲಿ ಛೇ?" ಎಂದರೆ ನೇರಳೆ ಬಣ್ಣಕ್ಕೆ ತಿರುಗಿದ ಪಾದ ಎತ್ತಿ ತೋರಿಸುತ್ತಾರೆ. ಮನೆಯಲ್ಲಿ ಹೆಂಡತಿ ವೇದಾ ನಿಂಬೆಹೋಳು ಹಿಡಿದು ಬಂದರೆ, "ಬುಧವಾರದ ತನಕಾ ತಿಕ್ಕಬ್ಯಾಡ" ಎಂದು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ. ಸೋಮವಾರ ಬೂಟು ಬಿಟ್ಟು ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಡುತ್ತಾರೆ. ವರ್ಷವಿಡೀ ಅವರ ಮೇಜಿನ ಮುಂದೆ ಸಹಿಯೊಂದನ್ನು ಬಿಟ್ಟು ಮತ್ತೇನನ್ನೂ ಕೇಳದ ಜನ, ಆ ಸೋಮವಾರ, ಮಂಗಳವಾರ ಮಾತ್ರ ನಿಂತು, ಬಗ್ಗಿ ಕಾಲು ನೋಡಿ, "ಅರೆ ಉಮಾಕಾಂತ್‌ಭಾಯ್!" ಎಂದು ಬೆರಗಾಗಿ, ಎಲ್ಲಿಗೆ ಹೋಗಿದ್ದಿರೆಂದು ವಿಚಾರಿಸುತ್ತಾರೆ. ರಾಯರು ಕುರ್ಚಿ ಎಳೆದುಕೊಟ್ಟು, ಗುಡ್ಡದ ದೇವಿಯಿಂದ ಶುರುಮಾಡುತ್ತಾರೆ.